ಅರ್ಧಕ್ಕೆ ಬಿಟ್ಟ ಗೇಮ್‌ಗಳ ಲೆಕ್ಕ

ಪ್ರಶ್ನೆ: ಕಾಲೇಜಿನ ದಿನಗಳಿಂದ ಸ್ಟೀಮ್ ಸೇಲ್‌ಗಳಲ್ಲಿ ಕೊಂಡಿದ್ದು, ಎಪಿಕ್ ಸ್ಟೋರ್‌ನವರು ಪುಕ್ಕಟೆ ಕೊಟ್ಟಿದ್ದು ಎಲ್ಲ ಸೇರಿ ನನ್ನ ಬಳಿಯ ಗೇಮ್‌ಗಳು ಇನ್ನೂರು ದಾಟಿವೆ. ಪೂರ್ತಿ ಮುಗಿಸಿದ್ದು ಬೆರಳೆಣಿಕೆಯಷ್ಟು. ಇಪ್ಪತ್ತೋ ಮೂವತ್ತೋ ಅರ್ಧಕ್ಕೆ ನಿಂತಿವೆ. ಈಗ ಕೆಲಸ, ಸಂಸಾರ ಎಂದು ವಾರಕ್ಕೆ ಐದು ಗಂಟೆ ಬಿಡುವು ಸಿಕ್ಕರೆ ಹೆಚ್ಚು. ಅದರಲ್ಲೂ ಯಾವುದನ್ನು ಆಡಲಿ ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ. ಇವನ್ನೆಲ್ಲ ಕ್ರಮವಾಗಿ ಪಟ್ಟಿ ಮಾಡಿ ಮುಗಿಸುತ್ತ ಬರಲು ದಾರಿ ಇದೆಯೇ? ಯಾವ ಆ್ಯಪ್ ಒಳ್ಳೆಯದು? ನಡುವೆ ಬಿಟ್ಟಿದ್ದನ್ನು ಮೊದಲಿನಿಂದ ಶುರುಮಾಡಬೇಕೇ, ಬಿಟ್ಟಲ್ಲಿಂದಲೇ ಮುಂದುವರಿಸಬೇಕೇ? ಡಿಗ್ರಿ ಓದುತ್ತಿರುವ ತಮ್ಮನೂ ನನ್ನ ಖಾತೆಯಲ್ಲೇ ಆಡುತ್ತಾನೆ ಎಂಬುದನ್ನೂ ಹೇಳಿಬಿಡುತ್ತೇನೆ.
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ಇನ್ನೂರು ಗೇಮ್‌ಗಳಲ್ಲಿ ಎರಡು ರಾಶಿಗಳು ಬೆರೆತುಹೋಗಿವೆ. ಕೊಂಡು ಇನ್ನೂ ತೆರೆಯದೇ ಇರುವವು ಒಂದು ರಾಶಿ. ಶುರುಮಾಡಿ ನಡುವೆ ಬಿಟ್ಟವು ಇನ್ನೊಂದು. ಸಂಖ್ಯೆ ನೋಡಿ ಎದೆ ಝಲ್ಲೆನ್ನುವುದು ಮೊದಲನೆಯ ರಾಶಿಯಿಂದ. ಆದರೆ ನೀವು ಕೈಹಾಕಬೇಕಾದ್ದು ಎರಡನೆಯದಕ್ಕೆ. ಡಬ್ಬದಲ್ಲಿಟ್ಟ ಅಕ್ಕಿ ತಿಂಗಳುಗಟ್ಟಲೆ ಕೆಡುವುದಿಲ್ಲ, ರುಬ್ಬಿಟ್ಟ ದೋಸೆ ಹಿಟ್ಟು ಮೂರನೆಯ ದಿನಕ್ಕೆ ಹುಳಿಯಾಗುತ್ತದೆ. ಆಡದೇ ಇಟ್ಟ ಗೇಮ್‌ಗೂ ಅರ್ಧ ಆಡಿದ ಗೇಮ್‌ಗೂ ಇರುವ ವ್ಯತ್ಯಾಸ ಅಷ್ಟೇ. ಈ ಎರಡನ್ನೂ ಒಂದೇ ಪಟ್ಟಿಗೆ ಸೇರಿಸಿ, ಎಲ್ಲದಕ್ಕೂ ಒಂದೇ ನಿಯಮ ಹಾಕಲು ಹೊರಡುವುದರಿಂದಲೇ ಹೆಚ್ಚಿನವರ ಪಟ್ಟಿ ಎರಡನೆಯ ವಾರಕ್ಕೆ ಮೂಲೆ ಸೇರುತ್ತದೆ.

ಸೈಬರ್‌ಪಂಕ್ 2077 ಗೇಮ್ ಅನ್ನೇ ನೋಡಿ. 2020ರ ಡಿಸೆಂಬರಿನಲ್ಲಿ ಅದು ಬಂದಾಗ ಎಷ್ಟು ದೋಷಗಳಿದ್ದವೆಂದರೆ ಸೋನಿ ಕಂಪನಿ ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದಲೇ ತೆಗೆದು, ಆರು ತಿಂಗಳ ನಂತರ ಮತ್ತೆ ಸೇರಿಸಿತು. ಅಂದು ಕೊಂಡು ಮುಟ್ಟದೇ ಇಟ್ಟವರಿಗೆ 2023ರ ಸೆಪ್ಟೆಂಬರಿನಲ್ಲಿ 2.0 ಅಪ್‌ಡೇಟ್ ಬಂದಾಗ, ಹೆಚ್ಚು ಖರ್ಚಿಲ್ಲದೆ, ಎಲ್ಲ ರೀತಿಯಲ್ಲೂ ಉತ್ತಮವಾದ ಗೇಮ್ ಸಿಕ್ಕಿತು. ಕಾದಿದ್ದರಿಂದ ಅವರಿಗೆ ಲಾಭವೇ ಆಯಿತು. ಅದೇ ಗೇಮ್ ಅನ್ನು ಅರ್ಧ ಆಡಿ ಬಿಟ್ಟಿದ್ದವರ ಪಾಡು ಬೇರೆ. ಹೊಸ ಅಪ್‌ಡೇಟ್ ಪಾತ್ರದ ಕೌಶಲಗಳ ವ್ಯವಸ್ಥೆಯನ್ನೇ ಬದಲಿಸಿತ್ತು. ಹಳೆಯ ಸೇವ್ ತೆರೆದರೆ, ತಾವು ಆಯ್ದುಕೊಂಡಿದ್ದ ಕೌಶಲಗಳೆಲ್ಲ ಬಿಡಿ ಅಂಕಗಳಾಗಿ ವಾಪಸ್ ಬಂದಿದ್ದವು. ಕತೆ ಅರ್ಧ ಮರೆತಿದೆ, ಬಟನ್‌ಗಳು ಮರೆತಿವೆ, ಅದರ ಮೇಲೆ ಪಾತ್ರವನ್ನು ಹೊಸದಾಗಿ ಕಟ್ಟಿಕೊಳ್ಳಬೇಕು. ಅಂಥ ಹೊತ್ತಿನಲ್ಲಿ ಎಷ್ಟೋ ಜನ ಎಸ್ಕೇಪ್ ಒತ್ತಿ ಹೊರಗೆ ಬಂದುಬಿಡುತ್ತಾರೆ.

ಆದ್ದರಿಂದ ತೆರೆಯದ ಗೇಮ್‌ಗಳ ಬಗ್ಗೆ ತಪ್ಪಿತಸ್ಥ ಭಾವ ಇಟ್ಟುಕೊಳ್ಳಬೇಡಿ. ಅವು ಅಗ್ಗವಾಗುತ್ತವೆ, ತಿದ್ದುಪಡಿಗಳಾಗಿ ಸುಧಾರಿಸುತ್ತವೆ, ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ಹಗುರವಾಗುತ್ತ ಹೋಗುತ್ತವೆ. ಹಳೆಯದನ್ನು ಆಡುವವರು ನೀವೊಬ್ಬರೇ ಅಲ್ಲ. 2024ರಲ್ಲಿ ಸ್ಟೀಮ್ ಬಳಕೆದಾರರು ಆಡಿದ ಒಟ್ಟು ಸಮಯದಲ್ಲಿ ಆ ವರ್ಷವೇ ಬಿಡುಗಡೆಯಾದ ಗೇಮ್‌ಗಳ ಪಾಲು ಶೇಕಡಾ 15 ಮಾತ್ರ ಎಂದು ಸ್ಟೀಮ್‌ನವರ ವರ್ಷಾಂತ್ಯದ ಲೆಕ್ಕವೇ ಹೇಳಿತ್ತು. ಉಳಿದ ಸಮಯವೆಲ್ಲ ಹಳೆಯ ಗೇಮ್‌ಗಳ ಪಾಲಾಗಿತ್ತು.

ಈ ಮಾತಿಗೆ ಒಂದು ಅಪವಾದವಿದೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಕಂಪನಿಯ ಸರ್ವರ್ ಇಲ್ಲದೆ ನಡೆಯದ ಗೇಮ್‌ಗಳು ನಿಮಗಾಗಿ ಕಾಯುವುದಿಲ್ಲ. ಯೂಬಿಸಾಫ್ಟ್‌ನ ದಿ ಕ್ರೂ ಎಂಬ ಕಾರ್ ರೇಸಿನ ಗೇಮ್ 2014ರಲ್ಲಿ ಬಂತು. 2024ರ ಮಾರ್ಚ್ ಕೊನೆಗೆ ಅದರ ಸರ್ವರ್ ನಿಲ್ಲಿಸಿದರು. ದುಡ್ಡು ಕೊಟ್ಟು ಕೊಂಡವರಿಗೂ ಅದನ್ನು ಒಬ್ಬರೇ ಕುಳಿತು ಆಡಲು ಆಗಲಿಲ್ಲ, ಏಕೆಂದರೆ ಒಂಟಿಯಾಗಿ ಆಡುವ ಭಾಗಕ್ಕೂ ಆ ಸರ್ವರ್ ಬೇಕಿತ್ತು. ಗೇಮ್ ಪಾಸ್‌ನಂಥ ತಿಂಗಳ ಚಂದಾದಲ್ಲಿ ಸಿಗುವ ಗೇಮ್‌ಗಳದ್ದೂ ಇದೇ ಕತೆ. ಇಂದು ಇರುತ್ತವೆ, ಮುಂದಿನ ತಿಂಗಳು ಪಟ್ಟಿಯಿಂದ ಹೋಗಿರಬಹುದು. ನಿಮ್ಮ ಮೊದಲ ರಾಶಿಯಲ್ಲಿ ಇಂಥವು ಇದ್ದರೆ ಹೆಕ್ಕಿ ಪಕ್ಕಕ್ಕಿಡಿ. ಮಿಕ್ಕವನ್ನು ಸದ್ಯ ಮರೆತುಬಿಡಿ. ಸ್ಟೀಮ್ ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಅದನ್ನು ಮರೆಮಾಡುವ ಆಯ್ಕೆ ಸಿಗುತ್ತದೆ. ಮರೆಮಾಡಿದ್ದು ಖಾತೆಯಿಂದ ಅಳಿಸಿಹೋಗುವುದಿಲ್ಲ, ಬೇಕೆಂದಾಗ ವಾಪಸ್ ತರಬಹುದು. ಕಣ್ಣೆದುರಿಗೆ ಇನ್ನೂರರ ಬದಲು ಇಪ್ಪತ್ತೈದು ಹೆಸರು ಕಂಡರೆ ನಿಮ್ಮ ಆ ಅರ್ಧ ಗಂಟೆಯ ಹುಡುಕಾಟ ಮೊದಲ ದಿನವೇ ಕಡಿಮೆಯಾಗುತ್ತದೆ.

ಈಗ ಅರ್ಧಕ್ಕೆ ಬಿಟ್ಟವು. ಇವುಗಳಲ್ಲಿ ಕೆಡುವುದು ಏನು? ಸೇವ್ ಫೈಲ್ ಹೇಗಿತ್ತೋ ಹಾಗೇ ಇರುತ್ತದೆ. ಕೆಡುವುದು ನಿಮ್ಮ ತಲೆಯಲ್ಲಿದ್ದ ಭಾಗ. ಎಲ್ಲಿಗೆ ಹೊರಟಿದ್ದೆ, ಯಾರು ಏನು ಹೇಳಿದ್ದರು, ಯಾವ ಬಟನ್ ಒತ್ತಿದರೆ ಏನಾಗುತ್ತದೆ, ಯಾವ ಆಯುಧವನ್ನು ಯಾಕೆ ಉಳಿಸಿಕೊಂಡಿದ್ದೆ, ಇವೆಲ್ಲ ಯಾವ ಸೇವ್ ಫೈಲಿನಲ್ಲೂ ಇರುವುದಿಲ್ಲ. ಕೆಲವು ಗೇಮ್‌ಗಳನ್ನು ರೂಪಿಸಿದವರು ಇದನ್ನು ಚೆನ್ನಾಗಿ ಅರಿತಿದ್ದಾರೆ. 2015ರ ದಿ ವಿಚರ್ 3 ಲೋಡ್ ಆಗುತ್ತಿರುವಾಗ, ನಾಯಕನ ಗೆಳೆಯ ಡ್ಯಾಂಡೆಲಿಯನ್ ಇದುವರೆಗಿನ ಕತೆಯನ್ನು ಸಂಕ್ಷೇಪವಾಗಿ ಹೇಳುತ್ತಾನೆ. ಡ್ರ್ಯಾಗನ್ ಕ್ವೆಸ್ಟ್ 11 ಸೇವ್ ತೆರೆದ ಕೂಡಲೇ ಹಿಂದಿನದ್ದನ್ನು ನೆನಪಿಸುತ್ತದೆ. ಔಟರ್ ವೈಲ್ಡ್ಸ್ ಇದರಲ್ಲಿ ಎಲ್ಲಕ್ಕಿಂತ ಒಂದು ಹೆಜ್ಜೆ ಮುಂದೆ. 22 ನಿಮಿಷಕ್ಕೊಮ್ಮೆ ಸೂರ್ಯ ಸಿಡಿದು ಎಲ್ಲವೂ ಮೊದಲಿನಿಂದ ಶುರುವಾಗುವ ಈ ಗೇಮ್‌ನಲ್ಲಿ ಆಟಗಾರನಿಗೆ ಉಳಿಯುವ ಆಸ್ತಿಯೆಂದರೆ ತಿಳಿವಳಿಕೆ ಒಂದೇ. ಹಾಗಾಗಿ ನೌಕೆಯಲ್ಲೊಂದು ದಾಖಲೆ ಪುಸ್ತಕ ಇಟ್ಟಿದ್ದಾರೆ. ನೀವು ಕಂಡ ಒಂದೊಂದು ಸುಳಿವೂ ಅಲ್ಲಿ ಗೆರೆಗಳಿಂದ ಒಂದಕ್ಕೊಂದು ಜೋಡಿಸಿಕೊಂಡಿರುತ್ತದೆ. ಯಾವ ಜಾಗದಲ್ಲಿ ನೋಡುವುದು ಇನ್ನೂ ಬಾಕಿ ಇದೆ ಎಂಬುದನ್ನೂ ಅದೇ ಹೇಳುತ್ತದೆ. ಎಷ್ಟೋ ತಿಂಗಳ ನಂತರ ಹಿಂತಿರುಗಿದರೂ ಆ ಒಂದು ಪುಟ ನೋಡಿ ಮುಂದುವರಿಯಬಹುದು.

ಎಲ್ಲ ಗೇಮ್‌ಗಳೂ ಇಷ್ಟು ಕರುಣೆ ತೋರುವುದಿಲ್ಲ. ಲೂಕಸ್ ಪೋಪ್ 2018ರಲ್ಲಿ ತಂದ ರಿಟರ್ನ್ ಆಫ್ ದಿ ಓಬ್ರಾ ಡಿನ್‌ನಲ್ಲಿ ಹಡಗಿನಲ್ಲಿದ್ದ 60 ಜನರ ಗತಿ ಏನಾಯಿತೆಂದು ಮುಖ, ಉಡುಪು, ಮಾತಿನ ಧಾಟಿ ನೋಡಿ ಪತ್ತೆ ಮಾಡಬೇಕು. ಅದರಲ್ಲೂ ಪುಸ್ತಕವೊಂದಿದೆ ನಿಜ, ಆದರೆ ಅರ್ಧ ಅನುಮಾನಗಳು ನಿಮ್ಮ ತಲೆಯಲ್ಲೇ ಇರುತ್ತವೆ. ಎರಡು ತಿಂಗಳು ಬಿಟ್ಟರೆ ಮುಖಗಳೆಲ್ಲ ಒಂದೇ ಥರ ಕಾಣುತ್ತವೆ. ಇಂಥದ್ದನ್ನು ಹಿಡಿದರೆ ಬೇರೆ ಯಾವುದನ್ನೂ ನಡುವೆ ತರದೆ ಒಂದೇ ಉಸಿರಿನಲ್ಲಿ ಮುಗಿಸಬೇಕು.

ಹಾಗಾದರೆ ಉಪಾಯವೇನು? ಗೇಮ್ ನಿಲ್ಲಿಸುವ ಮೊದಲು ಎರಡು ಮೂರು ಸಾಲು ಬರೆದಿಡುವುದು. ನನ್ನ ಮಟ್ಟಿಗೆ ಬ್ಯಾಕ್‌ಲಾಗ್, ಅಂದರೆ ಬಾಕಿ ಗೇಮ್‌ಗಳ, ನಿರ್ವಹಣೆ ಎಂದರೆ ಮುಕ್ಕಾಲು ಪಾಲು ಇದೇ. ಆ್ಯಪ್, ಪಟ್ಟಿ, ಬಣ್ಣದ ಗುರುತು ಇವೆಲ್ಲ ಆಮೇಲಿನವು. ನನ್ನ ನೋಟ್‌ಬುಕ್ಕಿನಲ್ಲಿ ವಿಚರ್ 3ರ ಪುಟ ಹೀಗಿದೆ:

‘ವೆಲೆನ್. ಬ್ಯಾರನ್‌ನ ಹೆಂಡತಿ ಅನ್ನಾ, ಮಗಳು ತಮಾರಾ ಇಬ್ಬರನ್ನೂ ಹುಡುಕುತ್ತಿದ್ದೇನೆ. ಮುಂದಿನ ಹೆಜ್ಜೆ: ಕ್ರೂಕ್‌ಬ್ಯಾಕ್ ಜವುಗು ಪ್ರದೇಶ. ಹೊಡೆದಾಟಕ್ಕೆ ಮುಂಚೆ ಕ್ವೆನ್ ರಕ್ಷೆ, ಆಮೇಲೆ ಕತ್ತಿ. ಗ್ವೆಂಟ್ ಇಸ್ಪೀಟು ಆಡುವುದಿಲ್ಲ, ಬಿಟ್ಟಿದ್ದೇನೆ.’

ಇದರಲ್ಲಿ ನಾಲ್ಕು ಸಂಗತಿಗಳಿವೆ: ಎಲ್ಲಿದ್ದೇನೆ, ಮುಂದೇನು, ಕೈ ಹೇಗೆ ಆಡಬೇಕು, ಏನನ್ನು ಬೇಡವೆಂದು ಬಿಟ್ಟಿದ್ದೇನೆ. ಕೊನೆಯದನ್ನು ಬರೆಯುವುದು ಯಾರಿಗೂ ಹೊಳೆಯುವುದಿಲ್ಲ. ಆದರೆ ಅದು ಬಹಳ ಮುಖ್ಯ. ಗ್ವೆಂಟ್ ಚೆನ್ನಾದ ಆಟ, ಅದರ ಎಲೆಗಳನ್ನೆಲ್ಲ ಕೂಡಿಹಾಕಲು ಹೊರಟರೆ ಒಂದು ತಿಂಗಳ ಬಿಡುವು ಅಲ್ಲಿಗೇ ಹೋಗುತ್ತದೆ. ಒಮ್ಮೆ ಬೇಡವೆಂದು ತೀರ್ಮಾನಿಸಿದ್ದನ್ನು ಬರೆದಿಡದಿದ್ದರೆ ಪ್ರತಿ ಸಲ ಕುಳಿತಾಗಲೂ ಅದೇ ತೀರ್ಮಾನವನ್ನು ಹೊಸದಾಗಿ ಮಾಡಬೇಕಾಗುತ್ತದೆ.

ಮುಂದಿನ ಹೆಜ್ಜೆ ಬರೆದಿಡುವುದರಿಂದ ಇನ್ನೊಂದು ಪ್ರಯೋಜನವಿದೆ. ಮನಶ್ಶಾಸ್ತ್ರಜ್ಞರಾದ ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಅರ್ಧಕ್ಕೆ ನಿಂತ ಕೆಲಸ ಬೇರೆ ಕೆಲಸ ಮಾಡುವಾಗಲೂ ತಲೆಯಲ್ಲಿ ಸುಳಿದಾಡುತ್ತಿರುತ್ತದೆ, ಆದರೆ ಅದನ್ನು ಯಾವಾಗ, ಹೇಗೆ ಮುಂದುವರಿಸುತ್ತೇನೆ ಎಂದು ಖಚಿತವಾಗಿ ಯೋಜನೆ ಹಾಕಿದ ಕೂಡಲೇ, ಕೆಲಸ ಮುಗಿಯದಿದ್ದರೂ, ಆ ಕಾಟ ತಗ್ಗುತ್ತದೆ ಎಂದು ಕಂಡುಬಂತು. ಮೂವತ್ತು ಗೇಮ್‌ಗಳು ಬಾಕಿ ಇವೆ ಎಂಬ ಯೋಚನೆ ನಿಮ್ಮನ್ನು ಕಾಡುತ್ತಿದ್ದರೆ, ಎಲ್ಲ ಮುಗಿಸುವ ತನಕ ನೆಮ್ಮದಿ ಇಲ್ಲ ಎಂದೇನಿಲ್ಲ. ಒಂದೊಂದರ ಮುಂದೆಯೂ ಮುಂದಿನ ಹೆಜ್ಜೆ ಬರೆದಿದ್ದರೆ ಸಾಕು, ಭಾರ ಇಳಿಯುತ್ತದೆ.

ಎಲ್ಲಿ ಬರೆಯುವುದು ಎಂಬುದಕ್ಕೆ ನನ್ನ ಉತ್ತರ ಸರಳ: ಆಡುವ ಜಾಗಕ್ಕೆ ಅತಿ ಹತ್ತಿರ ಯಾವುದಿದೆಯೋ ಅಲ್ಲಿ. ಕಂಪ್ಯೂಟರಿನಲ್ಲಿ ಸ್ಟೀಮ್ ಮೂಲಕ ಆಡುವಾಗ ಶಿಫ್ಟ್ ಮತ್ತು ಟ್ಯಾಬ್ ಒಟ್ಟಿಗೆ ಒತ್ತಿದರೆ ಮೇಲೊಂದು ಪರದೆ ತೆರೆಯುತ್ತದಲ್ಲ, ಅದರಲ್ಲಿ 2023ರಿಂದ ನೋಟ್ಸ್ ಎಂಬ ಸೌಲಭ್ಯವಿದೆ. ಪ್ರತಿ ಗೇಮ್‌ಗೂ ಬೇರೆ ಬೇರೆ ಟಿಪ್ಪಣಿ, ಮುಂದಿನ ಸಲ ಅದೇ ಗೇಮ್ ತೆರೆದಾಗ ಅಲ್ಲೇ ಇರುತ್ತದೆ. ಗೇಮ್‌ನಿಂದ ಹೊರಗೆ ಬರದೇ ಬರೆಯಬಹುದು. ನಿಮಗೆ ಇದೇ ಸಾಕಾಗಬಹುದು. ನನಗೆ ಕಾಗದವೇ ಇಷ್ಟ, ನಕ್ಷೆಯ ಮೂಲೆಯೊಂದನ್ನು ಗೀಚಿಕೊಳ್ಳಲು ಬರುತ್ತದೆ ಎಂಬ ಕಾರಣಕ್ಕೆ.

ಆ್ಯಪ್‌ಗಳ ವಿಷಯ ಕೇಳಿದ್ದೀರಿ. ಸ್ಟೀಮ್, ಎಪಿಕ್, ಗಾಗ್ ಎಲ್ಲ ಅಂಗಡಿಗಳ ಗೇಮ್‌ಗಳನ್ನೂ ಒಂದೇ ಕಡೆ ನೋಡಬೇಕೆಂದರೆ ವಿಂಡೋಸ್‌ನಲ್ಲಿ ಪ್ಲೇನೈಟ್ ಇದೆ. ಉಚಿತ, ಅದರ ಮೂಲ ಕೋಡ್ ಕೂಡ ಮುಕ್ತವಾಗಿದೆ. ಆಡುತ್ತಿರುವುದು, ಮುಗಿಸಿದ್ದು, ತಡೆಹಿಡಿದದ್ದು, ಕೈಬಿಟ್ಟದ್ದು ಎಂದು ಪ್ರತಿ ಗೇಮ್‌ಗೂ ಒಂದು ಸ್ಥಿತಿ ಗುರುತು ಹಾಕಬಹುದು. ಎಪಿಕ್‌ನವರು ಕೊಟ್ಟದ್ದನ್ನೇ ಮರೆತು ಸ್ಟೀಮ್‌ನಲ್ಲಿ ಅದೇ ಗೇಮ್‌ಗೆ ಮತ್ತೆ ದುಡ್ಡು ಸುರಿಯುವುದೂ ಇದರಿಂದ ತಪ್ಪುತ್ತದೆ. ಪ್ಲೇಸ್ಟೇಷನ್, ಸ್ವಿಚ್ ಕೂಡ ಮನೆಯಲ್ಲಿದ್ದರೆ ಬ್ಯಾಕ್‌ಲಾಗ್ಡ್ ಎಂಬ ಜಾಲತಾಣ ಒಳ್ಳೆಯದು. ಆಡಿ ಬಿಟ್ಟ ಗೇಮ್‌ಗಳನ್ನು ಅದು ಸುಮ್ಮನೆ ‘ಮುಗಿಯಿತು’ ಎಂದು ಒಂದೇ ಗುಂಪಿಗೆ ಹಾಕುವುದಿಲ್ಲ. ಪೂರ್ಣಗೊಳಿಸಿದ್ದು, ಮತ್ತೆ ಬರುತ್ತೇನೆಂದು ಎತ್ತಿಟ್ಟಿದ್ದು, ಬೇಡವೆಂದು ಕೈಬಿಟ್ಟಿದ್ದು, ಕೊನೆಯೇ ಇಲ್ಲದ ಗೇಮ್ ಅನ್ನು ಸಾಕಷ್ಟು ಆಡಿ ನಿವೃತ್ತಿಯಾದದ್ದು ಎಂದು ಬೇರೆ ಬೇರೆಯಾಗಿ ಇಡಲು ಬರುತ್ತದೆ. ಈ ನಾಲ್ಕು ವಿಂಗಡಣೆಯನ್ನು ನೀವು ಯಾವ ಆ್ಯಪ್ ಬಳಸಿದರೂ, ಬರೀ ಎಕ್ಸೆಲ್ ಶೀಟ್ ಇಟ್ಟುಕೊಂಡರೂ, ಹಾಗೇ ಎರವಲು ತೆಗೆದುಕೊಳ್ಳಿ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಇನ್ನೂರು ಗೇಮ್‌ಗಳಿಗೂ ಅಂಕ, ಬಗೆ, ಮುಖಚಿತ್ರ ತುಂಬಿಸಲು ಹೋಗಬೇಡಿ. ಅದು ಹಿತವಾದ ಕೆಲಸ, ಆದರೆ ಆಡಬೇಕಾದ ಐದು ಗಂಟೆಗಳನ್ನೇ ತಿನ್ನುತ್ತದೆ.

ಪಟ್ಟಿಗೆ ಕೈಹಾಕುವ ಮುಂಚೆ ಇನ್ನೊಂದು ಕೆಲಸ: ತಮ್ಮನನ್ನು ನಿಮ್ಮ ಖಾತೆಯಿಂದ ಬೇರೆ ಮಾಡಿ. ಇದನ್ನು ಮುನಿಸಿನಿಂದಲ್ಲ, ಇಬ್ಬರ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಒಂದೇ ಖಾತೆಯಲ್ಲಿ ಇಬ್ಬರು ಆಡಿದರೆ ಸೇವ್‌ಗಳು ಒಂದರ ಮೇಲೊಂದು ಕೂರುತ್ತವೆ, ಎಷ್ಟು ಗಂಟೆ ಆಡಿದ್ದೀರಿ ಎಂಬ ಲೆಕ್ಕಕ್ಕೆ ಅರ್ಥವಿರುವುದಿಲ್ಲ, ನೀವು ಅರ್ಧಕ್ಕೆ ಬಿಟ್ಟದ್ದು ಯಾವುದು, ಅವನು ಬಿಟ್ಟದ್ದು ಯಾವುದು ಎಂದೇ ತಿಳಿಯುವುದಿಲ್ಲ. ಸ್ಟೀಮ್ ಫ್ಯಾಮಿಲೀಸ್ ಎಂಬ ವ್ಯವಸ್ಥೆ 2024ರಲ್ಲಿ ಎಲ್ಲರಿಗೂ ಸಿಕ್ಕಿತು. ಒಂದೇ ಮನೆಯ ಆರು ಜನರವರೆಗೆ ಸೇರಬಹುದು. ಅವನು ಸ್ವಂತ ಖಾತೆ ತೆರೆದು ಇದಕ್ಕೆ ಸೇರಿಕೊಂಡರೆ, ಹಂಚಿಕೊಳ್ಳಲು ಅವಕಾಶವಿರುವ ನಿಮ್ಮ ಗೇಮ್‌ಗಳು ಅವನಿಗೂ ಕಾಣುತ್ತವೆ, ಸೇವ್ ಮಾತ್ರ ಅವನದೇ. ನೀವು ಒಂದು ಗೇಮ್ ಆಡುತ್ತಿರುವಾಗ ಅವನು ಇನ್ನೊಂದನ್ನು ಆಡಬಹುದು. ಒಂದೇ ಗೇಮ್ ಅನ್ನು ಇಬ್ಬರೂ ಒಟ್ಟಿಗೆ ಆಡಲು ಮಾತ್ರ ಎರಡು ಪ್ರತಿ ಬೇಕು.

ಸೇವ್ ವಿಷಯ ಬಂದದ್ದರಿಂದ ಇದೊಂದು: ಎಲ್ಲ ಗೇಮ್‌ಗಳೂ ಸ್ಟೀಮ್ ಕ್ಲೌಡ್‌ನಲ್ಲಿ ಸೇವ್ ಇಡುವುದಿಲ್ಲ. ಅಂಗಡಿಯ ಪುಟದಲ್ಲಿ ಕ್ಲೌಡ್ ಗುರುತು ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ, ಕಂಪ್ಯೂಟರ್ ಫಾರ್ಮ್ಯಾಟ್ ಮಾಡಿಸುವ ಮುಂಚೆ ಸೇವ್‌ಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಬೇಕು. ಯಾವ ಫೋಲ್ಡರಿನಲ್ಲಿ ಏನಿದೆ ಎಂದು ಹುಡುಕುವ ತೊಂದರೆ ತಪ್ಪಿಸಲು ಲುಡುಸಾವಿ ಎಂಬ ಉಚಿತ ಸಾಧನ ಇದೆ. ರಿಪೇರಿಗೆ ಕೊಟ್ಟ ಕಂಪ್ಯೂಟರ್ ಖಾಲಿಯಾಗಿ ಬಂದು, ನಲವತ್ತು ಗಂಟೆಯ ಆಟ ಮಾಯವಾದವರನ್ನು ನಾನು ಕಂಡಿದ್ದೇನೆ.

ಆಡಲು ಆರಿಸುವುದು ಹೇಗೆ ಎಂಬಲ್ಲಿ ಸಮಯದ ಲೆಕ್ಕ ನೇರವಾಗಿ ಸಹಾಯಕ್ಕೆ ಬರುತ್ತದೆ. ಹೌ ಲಾಂಗ್ ಟು ಬೀಟ್ ಎಂಬ ಜಾಲತಾಣದಲ್ಲಿ ಆಟಗಾರರೇ ತಮಗೆ ಹಿಡಿದ ಸಮಯವನ್ನು ದಾಖಲಿಸುತ್ತಾರೆ. ಮುಖ್ಯ ಕತೆಗೆ ಎಷ್ಟು, ಉಪಕತೆಗಳೂ ಸೇರಿದರೆ ಎಷ್ಟು, ಒಂದನ್ನೂ ಬಿಡದೆ ಮಾಡಿದರೆ ಎಷ್ಟು ಎಂಬ ಮೂರು ಅಂಕಿಗಳು ಅಲ್ಲಿ ಸಿಗುತ್ತವೆ. ವಿಚರ್ 3ಕ್ಕೆ ಇವು ಸುಮಾರು 50, 100, 170 ಗಂಟೆಗಳು. ನಿಮ್ಮ ವಾರದ ಐದು ಗಂಟೆಯಿಂದ ಭಾಗಿಸಿ ನೋಡಿ. ಕತೆ ಮಾತ್ರ ಸಾಕೆಂದರೆ ಹತ್ತು ವಾರ. ಎಲ್ಲವೂ ಬೇಕೆಂದರೆ ಎಂಟು ತಿಂಗಳು. ಎಂಟು ತಿಂಗಳು ಇದೊಂದನ್ನೇ ಆಡುತ್ತೇನೆಯೇ ಎಂದು ಆಡುವ ಮೊದಲೇ ಕೇಳಿಕೊಂಡರೆ ನಡುವೆ ಬಿಡುವ ಪ್ರಮೇಯ ಕಡಿಮೆ. ಇನ್ನೊಂದು ಕಡೆ ಪೋರ್ಟಲ್ ಮೂರು ಚಿಲ್ಲರೆ ಗಂಟೆಯಲ್ಲಿ ಮುಗಿಯುತ್ತದೆ, ಫೈರ್‌ವಾಚ್ ನಾಲ್ಕರಲ್ಲಿ, ಎ ಶಾರ್ಟ್ ಹೈಕ್ ಒಂದೂವರೆ ಗಂಟೆಯಲ್ಲಿ. ಎಂಬತ್ತರ ದಶಕದಲ್ಲಿ ಕೆನಡಾಕ್ಕೆ ಹೋಗಿ ನೆಲೆಸಿದ ತಮಿಳು ತಾಯಿಯೊಬ್ಬಳ ಅಡುಗೆಮನೆಯಲ್ಲಿ ನಡೆಯುವ ವೆಂಬಾ (2023) ಕೂಡ ಅಷ್ಟೇ ಚಿಕ್ಕದು. ಇಡ್ಲಿ ಪಾತ್ರೆಯ ತಟ್ಟೆಗಳನ್ನು ಸರಿಯಾದ ಕ್ರಮದಲ್ಲಿ ಜೋಡಿಸುವುದೇ ಅದರ ಮೊದಲ ಒಗಟು. ಒಂದು ಭಾನುವಾರ ಮಧ್ಯಾಹ್ನ ಸಾಕು. ನಿಮ್ಮ ರಾಶಿಯಲ್ಲಿ ಇಂಥ ಹತ್ತು ಹದಿನೈದು ಚಿಕ್ಕವು ಖಂಡಿತ ಇರುತ್ತವೆ. ಎರಡು ದೊಡ್ಡ ಗೇಮ್‌ಗಳ ನಡುವೆ ಒಂದೊಂದು ಚಿಕ್ಕದನ್ನು ಇಟ್ಟುಕೊಳ್ಳಿ.

ಒಂದು ಹೊತ್ತಿಗೆ ಕೈಯಲ್ಲಿ ಮೂರಕ್ಕಿಂತ ಹೆಚ್ಚು ಗೇಮ್ ಇರಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ದೊಡ್ಡದೊಂದು, ಚಿಕ್ಕದೊಂದು, ಕತೆಯೇ ಇಲ್ಲದ್ದೊಂದು. ಈ ಮೂರನೆಯ ಜಾಗ ಸ್ಟಾರ್‌ಡ್ಯೂ ವ್ಯಾಲಿ, ಸಿವಿಲೈಸೇಷನ್, ವ್ಯಾಲೊರಂಟ್ ಥರದವಕ್ಕೆ. ಅವನ್ನು ಬಾಕಿ ಪಟ್ಟಿಯಲ್ಲಿ ಸೇರಿಸಲೇಬೇಡಿ, ಏಕೆಂದರೆ ಅವು ಬಾಕಿ ಅಲ್ಲ, ದಣಿದು ಬಂದ ಸಂಜೆಗೆ ಇಟ್ಟುಕೊಂಡವು. ಮೂರೂ ಬೇರೆ ಬೇರೆ ಜಾತಿಯವಾಗಿರಲಿ. ಸೆಕಿರೊ ಮತ್ತು ಎಲ್ಡನ್ ರಿಂಗ್ ಎರಡೂ ಫ್ರಮ್‌ಸಾಫ್ಟ್‌ವೇರ್ ಎಂಬ ಒಂದೇ ಜಪಾನಿ ಕಂಪನಿಯವು, ಮೇಲ್ನೋಟಕ್ಕೆ ಅಣ್ಣತಮ್ಮಂದಿರು. ಆದರೆ ಸೆಕಿರೊ, ಎದುರಾಳಿಯ ಕತ್ತಿ ಬೀಳುವ ಕ್ಷಣಕ್ಕೇ ನಿಮ್ಮ ಕತ್ತಿ ಅಡ್ಡ ಹಿಡಿಯಿರಿ ಎನ್ನುತ್ತದೆ. ಎಲ್ಡನ್ ರಿಂಗ್‌ನಲ್ಲಿ ಬಹುಮಟ್ಟಿಗೆ ಉರುಳಿ ತಪ್ಪಿಸಿಕೊಳ್ಳಬೇಕು. ಸೋಮವಾರ ಒಂದನ್ನು, ಗುರುವಾರ ಇನ್ನೊಂದನ್ನು ಆಡಿದರೆ ಬೆರಳುಗಳಿಗೆ ಎರಡೂ ಹತ್ತುವುದಿಲ್ಲ. ಎರಡೂ ಅರ್ಧಕ್ಕೆ ನಿಲ್ಲುತ್ತವೆ.

ಮೂರರಲ್ಲಿ ಒಂದು ಮುಗಿದರೆ ಅಥವಾ ಕೈಬಿಟ್ಟರೆ ಮಾತ್ರ ಹೊಸದಕ್ಕೆ ಜಾಗ. ಕೈಬಿಡುವುದನ್ನು ನಾನು ಮುಗಿಸುವುದರಷ್ಟೇ ಗೌರವದಿಂದ ನೋಡುತ್ತೇನೆ. ದುಡ್ಡು ಕೊಟ್ಟಿದ್ದೇನಲ್ಲ, ಹೇಗೆ ಬಿಡಲಿ ಎನಿಸುವುದು ಸಹಜ. ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಅಮೆರಿಕದ ಒಹಾಯೊ ವಿಶ್ವವಿದ್ಯಾಲಯದ ನಾಟಕಗಳಿಗೆ ಇಡೀ ಋತುವಿನ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ಬೆಲೆಗೆ, ಕೆಲವರಿಗೆ ರಿಯಾಯಿತಿಯಲ್ಲಿ ಟಿಕೆಟ್ ಕೊಟ್ಟರು. ಋತುವಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ತೆತ್ತವರು ಹೆಚ್ಚು ನಾಟಕಗಳಿಗೆ ಬಂದರು. ಎರಡನೆಯ ಅರ್ಧಕ್ಕೆ ಬರುವ ಹೊತ್ತಿಗೆ ಆ ವ್ಯತ್ಯಾಸ ಉಳಿಯಲಿಲ್ಲ. ಕೊಟ್ಟ ದುಡ್ಡಿನ ಚುರುಕು ಎಷ್ಟು ದಿನ ಇರುತ್ತದೆ ನೋಡಿ! ನಾಲ್ಕು ವರ್ಷದ ಹಿಂದೆ ಸೇಲ್‌ನಲ್ಲಿ ಕೊಂಡದ್ದರ ಬೆಲೆಗೆ ಇಂದು ನಿಮ್ಮ ಸಂಜೆಯನ್ನು ಆಳುವ ಹಕ್ಕಿಲ್ಲ. ಎರಡು ಮೂರು ಸಂಜೆ ಕುಳಿತರೂ ಮತ್ತೆ ತೆರೆಯಬೇಕು ಎನಿಸದಿದ್ದರೆ ಕೈಬಿಟ್ಟವುಗಳ ಪಟ್ಟಿಗೆ ಹಾಕಿ, ಯಾಕೆ ಬಿಟ್ಟೆ ಎಂದು ಒಂದು ಸಾಲು ಬರೆಯಿರಿ. ಇಂಥ ಹತ್ತು ಸಾಲು ಸೇರಿದ ಮೇಲೆ ಓದಿದರೆ ಮುಂದಿನ ಸೇಲ್‌ನಲ್ಲಿ ಏನನ್ನು ಕೊಳ್ಳಬಾರದು ಎಂಬುದು ನಿಮಗೇ ಗೊತ್ತಾಗುತ್ತದೆ.

ಕೊಳ್ಳುವ ಮಾತು ಬಂತು. ಬೆಲೆ ಇಳಿದಿದೆ ಎಂದು ಕೊಂಡಿಡುವ ಅಗತ್ಯ ಈಗಿಲ್ಲ. ವಿಷ್‌ಲಿಸ್ಟಿನಲ್ಲಿಟ್ಟರೆ ರಿಯಾಯಿತಿ ಬಂದಾಗ ಸ್ಟೀಮ್‌ನವರೇ ಮೇಲ್ ಹಾಕುತ್ತಾರೆ. ಒಮ್ಮೆ ಇಳಿದ ಬೆಲೆ ಸಾಮಾನ್ಯವಾಗಿ ಮತ್ತೆ ಇಳಿಯುತ್ತದೆ. ಈ ವಾರಾಂತ್ಯಕ್ಕೆ ಶುರುಮಾಡುವುದಾದರೆ ಮಾತ್ರ ಕೊಳ್ಳಿ. ಕೊಂಡ ಕೂಡಲೇ ಆಡುವುದರಿಂದ ಇನ್ನೊಂದು ಅನುಕೂಲವಿದೆ: ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಎತ್ತಿಟ್ಟರೆ ಆ ಅವಕಾಶ ಹೋಯಿತು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಮೊದಲಿನಿಂದಲೋ ಬಿಟ್ಟಲ್ಲಿಂದಲೋ. ಸಾಮಾನ್ಯವಾಗಿ ನಾನು ಬಿಟ್ಟಲ್ಲಿಂದಲೇ ಎನ್ನುತ್ತೇನೆ. ಮೊದಲಿನಿಂದ ಶುರುಮಾಡುವುದು ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಆಗಲೇ ಆಡಿದ ಹತ್ತು ಗಂಟೆಯನ್ನು ಇನ್ನೊಮ್ಮೆ ಆಡುವಾಗ ಬೇಸರ ಬಂದು, ಹೆಚ್ಚಿನವರು ಮೊದಲು ಬಿಟ್ಟ ಜಾಗಕ್ಕೂ ಮುಂಚೆಯೇ ಎರಡನೆಯ ಸಲ ಬಿಡುತ್ತಾರೆ. ಅದರ ಬದಲು ಹೀಗೆ ಮಾಡಿ. ಹಳೆಯ ಸೇವ್ ಮುಟ್ಟಬೇಡಿ. ಹೊಸ ಆಟವೊಂದನ್ನು ಬೇರೆ ಸೇವ್‌ನಲ್ಲಿ ತೆರೆದು ಆರಂಭದ ಪಾಠದಷ್ಟನ್ನು ಆಡಿ. ಬಟನ್‌ಗಳು ಬೆರಳಿಗೆ ಮರಳುತ್ತವೆ. ಆಮೇಲೆ ಹಳೆಯ ಸೇವ್ ತೆರೆದು, ಮೊದಲ ಅರ್ಧ ಗಂಟೆ ಕತೆಯ ದಾರಿಗೆ ಹೋಗದೆ, ಸುತ್ತಮುತ್ತ ತಿರುಗಿ ಸಣ್ಣ ಪುಟ್ಟ ವೈರಿಗಳ ಜೊತೆ ಕೈ ಪಳಗಿಸಿ, ಕ್ವೆಸ್ಟ್‌ಗಳ ಪಟ್ಟಿ ಓದಿ. ಹಾಲೋ ನೈಟ್‌ನಂಥದ್ದರಲ್ಲಿ ಇದು ಕಡ್ಡಾಯ. ಸತ್ತರೆ ಕೂಡಿಟ್ಟ ಜಿಯೊ ಹಣವೆಲ್ಲ ಸತ್ತ ಜಾಗದಲ್ಲೇ ಉಳಿಯುತ್ತದೆ, ಅದನ್ನು ತರಲು ಹೋಗಿ ಮತ್ತೆ ಸತ್ತರೆ ಪೂರ್ತಿ ಹೋಗುತ್ತದೆ. ಹಾಗಾಗಿ ಮರಳಿ ಬಂದವರು ನೇರವಾಗಿ ಬಾಸ್ ಬಳಿ ಹೋಗಬಾರದು. ಮೊದಲಿನಿಂದ ಶುರುಮಾಡಬೇಕಾದ್ದು ಎರಡು ಸಂದರ್ಭಗಳಲ್ಲಿ ಮಾತ್ರ: ಆಡಿದ್ದು ಮೂರು ನಾಲ್ಕು ಗಂಟೆಗಿಂತ ಕಡಿಮೆ ಇದ್ದರೆ, ಇಲ್ಲವೇ ಓಬ್ರಾ ಡಿನ್ ಥರ ಎಲ್ಲವೂ ನೆನಪಿನ ಮೇಲೆಯೇ ನಿಂತಿದ್ದರೆ.

ಮುಗಿಯಿತು ಎಂದು ಯಾವಾಗ ಗುರುತು ಹಾಕುವುದು ಎಂಬುದನ್ನೂ ಮೊದಲೇ ತೀರ್ಮಾನಿಸಿಕೊಳ್ಳಿ. ಕತೆಯ ಕೊನೆಗೆ ಹೆಸರುಗಳ ಪಟ್ಟಿ ಬಂದರೆ ನನ್ನ ಲೆಕ್ಕದಲ್ಲಿ ಮುಗಿದಂತೆ. ಎಲ್ಲ ಟ್ರೋಫಿ ಗೆಲ್ಲುವುದು ಬೇರೆಯೇ ಹವ್ಯಾಸ, ಅದರ ಲೆಕ್ಕ ಬೇರೆ ಇಡಿ. ನಿಯರ್: ಆಟೊಮೇಟಾದಂಥ ಒಂದೆರಡು ಅಪವಾದಗಳಿವೆ. ಅದರಲ್ಲಿ ಹೆಸರುಗಳು ಮೊದಲ ಸಲ ಬಂದಾಗ ಕತೆ ಅರ್ಧವೂ ಆಗಿರುವುದಿಲ್ಲ. ಅದೇ ಸೇವ್‌ನಲ್ಲಿ ಮುಂದುವರಿಯಬೇಕು.

ಕನ್ನಡದವರಾಗಿ ನೀವು ಆ ಹೆಸರುಗಳ ಪಟ್ಟಿಯನ್ನು ಹಾರಿಸದೆ ನೋಡಬೇಕು ಎಂಬುದು ನನ್ನ ಆಸೆ. ಬೆಂಗಳೂರಿನಲ್ಲಿ 1997ರಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಭಾರತದ ಮೊದಮೊದಲ ಗೇಮ್ ಸ್ಟುಡಿಯೊಗಳಲ್ಲಿ ಒಂದು. ಪರದೇಶದ ದೊಡ್ಡ ದೊಡ್ಡ ಗೇಮ್‌ಗಳಿಗೆ ಅವರು ಚಿತ್ರಗಳನ್ನು, ಮಾಡೆಲ್‌ಗಳನ್ನು ಮಾಡಿಕೊಟ್ಟರು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕಂಪನಿ ಕೊಂಡು, ತಾನು 2016ರಲ್ಲಿ ಬೆಂಗಳೂರಿನಲ್ಲೇ ತೆರೆದಿದ್ದ ರಾಕ್‌ಸ್ಟಾರ್ ಇಂಡಿಯಾಕ್ಕೆ ಸೇರಿಸಿಕೊಂಡಿತು. ರೆಡ್ ಡೆಡ್ ರಿಡೆಂಪ್ಷನ್ 2 ಕಟ್ಟಿದ ಸ್ಟುಡಿಯೊಗಳಲ್ಲಿ ಈ ರಾಕ್‌ಸ್ಟಾರ್ ಇಂಡಿಯಾ ತಂಡವೂ ಒಂದು. ಆರು ಅಧ್ಯಾಯ, ಅದರ ಮೇಲೆ ಎರಡು ಭಾಗದ ಉಪಸಂಹಾರ ದಾಟಿದ ಮೇಲೆ ಆ ಹೆಸರುಗಳು ಬರುತ್ತವೆ. ನಿಮ್ಮ ಅರ್ಧಕ್ಕೆ ಬಿಟ್ಟವುಗಳಲ್ಲಿ ಅದೂ ಇದ್ದರೆ, ‘ದೊಡ್ಡದೊಂದು’ ಎಂಬ ಜಾಗಕ್ಕೆ ಅದನ್ನೇ ಮೊದಲು ಇಟ್ಟುಕೊಳ್ಳಿ. ಸುಮಾರು 150 ಜಿಬಿ ಜಾಗ ಬೇಡುತ್ತದೆ, ಆದ್ದರಿಂದ ಶನಿವಾರ ಆಡಬೇಕೆಂದಿದ್ದರೆ ಗುರುವಾರ ರಾತ್ರಿಯೇ ಡೌನ್‌ಲೋಡ್‌ಗೆ ಹಾಕಿ ಮಲಗಿ.